ಬೊಲೋನ್ಯದಲ್ಲೊಂದು ಸೀಸೆಗಳ ಮನೆ

“ಹಳೆಯ ಸೀಸೆ ನೋಡಲಿಕ್ಕೆ ಇಟಲಿಯವರೆಗೆ ಹೋಗಬೇಕಾಗಿತ್ತೇ ಸ್ವಾಮಿ? ನಿಮ್ಮ ಮನೆಯ ಅಟ್ಟ ಹತ್ತಿದ್ದರೆ ಸಾಕಾಗುತ್ತಿತ್ತಲ್ಲ!”

ಬೇಸಿಗೆಯ ರಜೆ ಮುಗಿದು ಕಾಲೇಜು ತೆರೆದ ದಿನ ಅಧ್ಯಾಪಕರ ಕೊಠಡಿಯಲ್ಲಿ ನನಗೆ ದೊರೆತ ಸ್ವಾಗತ ಇದು. ರೋಮಿನ ಕೊಲೊಸಿಯಮ್ ನೋಡಿದಿರಾ, ಪೀಸಾದ ವಾಲುಗೋಪುರ ನೋಡಿದಿರಾ, ವೆನಿಸ್ಸಿನ ದೋಣಿ ಹತ್ತಿದಿರಾ ಎಂದು ಗೆಳೆಯರು ಒಬ್ಬೊಬ್ಬರಾಗಿ ಕೇಳಿದರು. ಒಂದೊಂದಕ್ಕೂ ಇಲ್ಲವೆಂದು ತಲೆಯಾಡಿಸಿದೆ. ಮತ್ತೇನು ನೋಡಿದಿರಿ ಎಂದಾಗ, ಬೊಲೋನ್ಯವೆಂಬ ಊರಿನಲ್ಲಿ ಒಬ್ಬ ಚಿತ್ರಕಾರನ ಮನೆಯನ್ನೂ, ಆ ಮನೆಯಲ್ಲಿನ ಸೀಸೆ, ಹೂಜಿ, ಡಬ್ಬಿಗಳನ್ನೂ, ಅವುಗಳ ಛಾಯಾಚಿತ್ರಗಳನ್ನೂ ನೋಡಿ ಬಂದೆನೆಂದು ಹೇಳಿದೆ. ಆಗ ಅರ್ಥಶಾಸ್ತ್ರದ ಅಧ್ಯಾಪಕರಾದ ಹಿರಿಯ ಮಿತ್ರರು ಬಿಟ್ಟ ಬಾಣ ಮೇಲಿನದು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬಾಣ ಗುರಿ ತಪ್ಪಿರಲಿಲ್ಲ. ನಾನು ನಮ್ಮ ಮನೆಯ ಅಟ್ಟವನ್ನು ಹತ್ತಿದವನೇ. ಹತ್ತಿ, ಅಲ್ಲಿದ್ದುದನ್ನೆಲ್ಲ ಕೆಳಗಿಳಿಸಿ, ಎಣಿಸಿ, ತೂಗಿ, ಏನನ್ನೂ ನೋಡದೆ ಬಂದವನು. ಆ ಸಂಗತಿಯನ್ನು ಮೊದಲು ಹೇಳಿಕೊಳ್ಳದಿದ್ದರೆ ಬೊಲೋನ್ಯದ ವೃತ್ತಾಂತಕ್ಕೆ ಅರ್ಥವಿರದು.

ಹೋದ ವರ್ಷ ನಮ್ಮ ತಾಯಿ ತೀರಿಕೊಂಡರು. ಹಾಸನದ ಸೀಮೆಯಲ್ಲಿರುವ ನಮ್ಮ ಹಳೆಯ ಹೆಂಚಿನ ಮನೆಗೆ ಅಲ್ಲಿಂದ ಮುಂದೆ ದೀಪ ಹಚ್ಚುವವರಿಲ್ಲವಾಯಿತು. ಅಣ್ಣ ಬೆಂಗಳೂರಿನಲ್ಲಿ, ನಾನು ಮೈಸೂರಿನಲ್ಲಿ. ತಂಗಿಯಾದರೋ ಬೊಲೋನ್ಯದ ವಿಶ್ವವಿದ್ಯಾನಿಲಯದಲ್ಲಿ ಹಳೆಯ ಕಾಗದ, ಬಣ್ಣಗಳ ಸಂರಕ್ಷಣೆಯನ್ನು ಕುರಿತು ಸಂಶೋಧನೆ ನಡೆಸುತ್ತಿರುವವಳು. ಮನೆಯನ್ನು ಮಾರುವುದೆಂದು ಗೊತ್ತಾಯಿತು. ಪಾತ್ರೆ ಪಡಗಗಳನ್ನು ಮೂರು ಪಾಲು ಮಾಡಬೇಕಷ್ಟೆ. “ನಿನಗೆ ಫೋಟೋ ತೆಗೆಯುವ ಹುಚ್ಚಿದೆ. ನೀನೇ ಒಂದು ಪಟ್ಟಿ ಮಾಡು” ಎಂದು ಅಣ್ಣ ನನಗೆ ವಹಿಸಿದ.

ನಡುಮನೆಯಲ್ಲಿ ಬಿಳಿಯ ಪಂಚೆ ಹಾಸಿದೆ. ಒಂದೊಂದೇ ಪಾತ್ರೆಯನ್ನು ತಂದಿಟ್ಟು, ಪಕ್ಕದಲ್ಲಿ ಸಂಖ್ಯೆ ಬರೆದ ಚೀಟಿಯನ್ನಿಟ್ಟು ಛಾಯಾಚಿತ್ರ ತೆಗೆದೆ. ತಾಮ್ರದ ಹಂಡೆ ಒಂದನೆಯದು. ಕಂಚಿನ ದೀಪ ಎಂಬತ್ತನಾಲ್ಕನೆಯದು. ತೂಕವನ್ನೂ ಬರೆದೆ. ಒಡಕು, ನೆಗ್ಗು, ಜೋಡಿ ತಪ್ಪಿದ್ದು, ಕಲಾಯಿ ಹೋದದ್ದು ಇವನ್ನೆಲ್ಲ ಪಟ್ಟಿಗೆ ಸೇರಿಸುವುದೇಕೆಂದು ಗೋಣಿಚೀಲಕ್ಕೆ ತುಂಬಿ ಪಾತ್ರೆಯಂಗಡಿಗೆ ತೂಕಕ್ಕೆ ಹಾಕಿದೆ. ಸಂಜೆಯ ಹೊತ್ತಿಗೆ ಕೆಲಸ ಮುಗಿದಾಗ ನನ್ನ ದಕ್ಷತೆಯ ಬಗ್ಗೆ ನನಗೇ ಹೆಮ್ಮೆಯೆನಿಸಿತ್ತು.

ಚಿತ್ರಗಳನ್ನು ಅಣ್ಣನಿಗೂ ತಂಗಿಗೂ ಕಳುಹಿಸಿದೆ. ಅಣ್ಣ ಮರುದಿನವೇ ತನಗೆ ಬೇಕಾದವುಗಳ ಸಂಖ್ಯೆ ಬರೆದು ಕಳುಹಿಸಿದ. ತಂಗಿ ಏನೂ ಬರೆಯಲಿಲ್ಲ. ಒಂದು ವಾರವಾಯಿತು, ಒಂದು ತಿಂಗಳಾಯಿತು. “ಬೇಡವಾಗಿದ್ದರೆ ಬೇಡವೆನ್ನಲಿ. ಈ ಮೌನಕ್ಕೆ ಏನರ್ಥ?” ಎಂದು ಅಣ್ಣ ರೇಗಿದ. ಫೋನಿನಲ್ಲಿ ಮಾತಿಗೆ ಮಾತು ಬೆಳೆದು, ಕೊನೆಗೆ ಅವರಿಬ್ಬರಲ್ಲಿ ಮಾತೇ ನಿಂತಿತು. “ರಜೆಯಲ್ಲಿ ಬಂದು ಹೋಗು” ಎಂದು ತಂಗಿ ನನ್ನನ್ನು ಕರೆದಾಗ ಊರು ನೋಡುವ ಆಸೆಯಷ್ಟೇ ರಾಜಿ ಮಾಡಿಸುವ ಆಸೆಯೂ ನನಗಿತ್ತು.

*

ಬೊಲೋನ್ಯಕ್ಕೆ ಇಟಲಿಯವರು ಮೂರು ಬಿರುದುಗಳನ್ನು ಕೊಟ್ಟಿದ್ದಾರೆ: ಪಂಡಿತೆ, ಪುಷ್ಟಾಂಗಿ, ಕೆಂಪಿ. 1088ರಷ್ಟು ಹಿಂದೆ ಸ್ಥಾಪಿತವಾಯಿತೆಂದು ಹೇಳಲಾಗುವ ವಿಶ್ವವಿದ್ಯಾನಿಲಯದಿಂದಾಗಿ ಪಂಡಿತೆ. ಊಟೋಪಚಾರದ ಸಮೃದ್ಧಿಯಿಂದ ಪುಷ್ಟಾಂಗಿ. ಇಟ್ಟಿಗೆ, ಗಾರೆ, ಹೆಂಚುಗಳ ಬಣ್ಣದಿಂದ ಕೆಂಪಿ. ಇವಕ್ಕೆ ನಾಲ್ಕನೆಯದೊಂದನ್ನು ಸೇರಿಸುವ ಅಧಿಕಾರ ನನಗಿದ್ದರೆ ‘ಜಗಲಿಯ ಊರು’ ಎಂದು ಸೇರಿಸುತ್ತಿದ್ದೆ. ಬೀದಿಯ ಇಕ್ಕೆಲಗಳಲ್ಲಿ ಮನೆಗಳ ಮೇಲಂತಸ್ತು ಮುಂದಕ್ಕೆ ಚಾಚಿಕೊಂಡು, ಕೆಳಗೆ ಕಂಬಸಾಲು ನಿಂತು, ಊರಿಗೆ ಊರೇ ಒಂದು ಉದ್ದನೆಯ ಕೈಸಾಲೆಯಾಗಿದೆ. ಎಲ್ಲವನ್ನೂ ಕೂಡಿಸಿದರೆ ಸುಮಾರು 62 ಕಿಲೋಮೀಟರ್ ಆಗುತ್ತದಂತೆ. 2021ರಲ್ಲಿ ಯುನೆಸ್ಕೋ ಇವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮಳೆಗೆ ಕೊಡೆ ಬೇಡ, ಬಿಸಿಲಿಗೆ ಟೋಪಿ ಬೇಡ. ಕಂಬದ ನೆರಳು, ನಡುವೆ ಬಿಸಿಲಿನ ಪಟ್ಟಿ, ಮತ್ತೆ ಕಂಬದ ನೆರಳು. ಹೀಗೆ ನಡೆಯುತ್ತ ಹೋದಂತೆ ಬೆಳಕೇ ಹೆಜ್ಜೆ ಎಣಿಸುತ್ತಿದೆಯೋ ಎನ್ನಿಸುತ್ತದೆ. ಜಾರ್ಜೋ ಮೊರಾಂಡಿ ಹುಟ್ಟಿದ್ದು, ಬದುಕಿದ್ದು, 1964ರಲ್ಲಿ ಕಣ್ಣು ಮುಚ್ಚಿದ್ದು ಈ ಬೆಳಕಿನ ಊರಿನಲ್ಲಿ.

ಮೊದಲ ದಿನ ತಂಗಿ ನನ್ನನ್ನು ರೈಲು ನಿಲ್ದಾಣಕ್ಕೆ ಸಮೀಪದಲ್ಲಿರುವ ಮ್ಯಾಂಬೋ ಎಂಬ ಆಧುನಿಕ ಕಲಾಸಂಗ್ರಹಾಲಯಕ್ಕೆ ಕರೆದೊಯ್ದಳು. ಅದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜನರಿಗೆ ರೊಟ್ಟಿ ಬೇಯಿಸಿಕೊಡಲೆಂದು ನಗರಸಭೆಯವರು ಕಟ್ಟಿಸಿದ ಕಟ್ಟಡ. ಮೊರಾಂಡಿಯ ಹೆಸರಿನ ವಸ್ತುಸಂಗ್ರಹ 1993ರಲ್ಲಿ ನಗರಭವನದಲ್ಲಿ ಆರಂಭವಾಗಿ 2012ರಲ್ಲಿ ಇಲ್ಲಿಗೆ ಬಂದಿತು. ರೊಟ್ಟಿಯ ಮನೆಯಲ್ಲಿ ಸೀಸೆಗಳ ಚಿತ್ರ!

ನಾನು ಗೋಡೆಯಿಂದ ಗೋಡೆಗೆ ಹೋದೆ. ಮೂರು ಸೀಸೆ, ಒಂದು ಡಬ್ಬಿ. ಮುಂದಿನದು: ಎರಡು ಸೀಸೆ, ಒಂದು ಹೂಜಿ. ಅದರ ಮುಂದಿನದು: ಅದೇ ಸೀಸೆ, ಅದೇ ಹೂಜಿ, ಕೊಂಚ ಎಡಕ್ಕೆ. ಬೂದಿ, ಕೆನೆ, ಮಾಸಿದ ಗುಲಾಬಿ, ಒಣಮಣ್ಣು ಇಂಥ ಬಣ್ಣಗಳು. ಸುಮಾರು 1,350 ತೈಲಚಿತ್ರಗಳನ್ನು ಬರೆದ ಈ ಮಹಾನುಭಾವ ಅವುಗಳ ಬಹುಭಾಗವನ್ನು ಇಂಥ ಅಲ್ಪ ವಸ್ತುಗಳಿಗೆ ಮುಡಿಪಾಗಿಟ್ಟ. “ಎರಡು ಮಹಾಯುದ್ಧಗಳು ಇವನ ಕಿಟಕಿಯಾಚೆ ನಡೆದುಹೋದುವು. ಇವನು ಸೀಸೆ ಸರಿಸುತ್ತ ಕೂತಿದ್ದನೆ?” ಎಂದು ತಂಗಿಯನ್ನು ಕೇಳಿದೆ.

“ನಾಳೆ ಮನೆ ನೋಡು, ಆಮೇಲೆ ಕೇಳು” ಎಂದಳು.

ಇಂಥ ಚಿತ್ರಗಳಿಗೆ ಇಂಗ್ಲಿಷಿನವರು ‘ಸ್ಟಿಲ್ ಲೈಫ್’ ಎನ್ನುತ್ತಾರೆ. ಎಂದರೆ ಅಲುಗದೆ ನಿಂತ ಜೀವ. ಇಟಲಿಯವರು ‘ನಾತೂರಾ ಮೋರ್ತಾ’ ಎನ್ನುತ್ತಾರೆ. ಎಂದರೆ ಸತ್ತ ಪ್ರಕೃತಿ. ನಾವು ಕನ್ನಡದಲ್ಲಿ ವಸ್ತುಚಿತ್ರವೆಂದು ಕರೆದು ಈ ಜಗಳದಿಂದ ತಪ್ಪಿಸಿಕೊಳ್ಳಬಹುದು. ಆದರೆ ಜಗಳ ಹೆಸರಿನದಷ್ಟೇ ಅಲ್ಲ. ಮನುಷ್ಯ ಬಿಟ್ಟುಹೋದ ವಸ್ತು ಸತ್ತದ್ದೋ, ಸುಮ್ಮನಿರುವುದೋ? ಈ ಪ್ರಶ್ನೆ ಆ ದಿನ ನನಗೆ ಭಾಷಾಶಾಸ್ತ್ರದ ವಿನೋದವಾಗಿ ಮಾತ್ರ ತೋರಿತು.

*

ಮರುದಿನ ಬೆಳಿಗ್ಗೆ ಹೊರಟೆವು. ಊರ ನಡುವೆ ಎರಡು ಗೋಪುರಗಳಿವೆ. ಅಸಿನೆಲ್ಲಿ ಎಂಬುದು 97 ಮೀಟರ್ ಎತ್ತರದ್ದು. ಅದರ ಪಕ್ಕದ ಗರಿಸೆಂಡ ಮೋಟಾಗಿದೆ, ವಿಪರೀತ ವಾಲಿದೆ. 2023ರಲ್ಲಿ ಅದರ ವಾಲಿಕೆಯ ವಿಷಯವಾಗಿ ಆತಂಕ ಹುಟ್ಟಿ ಸುತ್ತ ಬೇಲಿ ಹಾಕಿದರು. ಗೋಪುರಗಳನ್ನು ಹಿಂದೆ ಬಿಟ್ಟು ಸ್ತ್ರಾದಾ ಮಜ್ಜೋರೆ ಎಂಬ ರಾಜಬೀದಿಯಲ್ಲಿ ಸಾಗಿ, ಸಾಂತಾ ಮರಿಯ ದೇಯಿ ಸೆರ್ವಿ ಎಂಬ ಇಗರ್ಜಿಯ ಬಳಿಯಿಂದ ಸ್ವಲ್ಪ ಮುಂದೆ ಹೋದರೆ ವಿಯಾ ಫೊಂದಾತ್ಸಾ. ಅದು ಸಾಧಾರಣ ಕೇರಿ. ಅಲ್ಲಿಯೂ ಕಂಬಗಳು, ಅಲ್ಲಿಯೂ ನೆರಳು. 36ನೆಯ ಸಂಖ್ಯೆಯ ಮನೆ.

1910ರಿಂದ ಕೊನೆಯವರೆಗೆ ಮೊರಾಂಡಿ ಇದ್ದದ್ದು ಇಲ್ಲಿ. ಜೊತೆಗೆ ತಾಯಿ, ಮೂವರು ತಂಗಿಯರು. ಅವನೂ ಮದುವೆಯಾಗಲಿಲ್ಲ, ಅವರೂ ಆಗಲಿಲ್ಲ. ಮೊದಲು ಶಾಲಾ ಮಕ್ಕಳಿಗೆ ಚಿತ್ರಕಲೆಯ ಮೇಷ್ಟರಾಗಿದ್ದು, 1930ರಿಂದ 1956ರವರೆಗೆ ಬೊಲೋನ್ಯದ ಕಲಾಶಾಲೆಯಲ್ಲಿ ಲೋಹದ ತಗಡಿನ ಮೇಲೆ ಚಿತ್ರ ಕೊರೆದು ಅಚ್ಚು ತೆಗೆಯುವ ವಿದ್ಯೆಯನ್ನು ಕಲಿಸಿದ. ಒಬ್ಬ ಉಪಾಧ್ಯಾಯನ ಜೀವನ. ಸಂಬಳ, ಪಾಠ, ಮನೆ. ನನ್ನಂಥವನಿಗೆ ಅದು ಬಹು ಪರಿಚಿತವೆನಿಸಿತು. ಲೋಕ ಅವನನ್ನು ಹುಡುಕಿಕೊಂಡು ಬಂದಿತು. 1948ರಲ್ಲಿ ವೆನಿಸ್ಸಿನ ಕಲಾಮಹೋತ್ಸವದಲ್ಲಿಯೂ 1957ರಲ್ಲಿ ಬ್ರೆಜಿಲ್ ದೇಶದ ಸಾವೊ ಪಾವ್ಲೊ ನಗರದಲ್ಲಿಯೂ ಅವನಿಗೆ ಚಿತ್ರಕಲೆಯ ಬಹುಮಾನ ಬಂದಿತು. ಆದರೂ ಮಲಗುವ ಕೋಣೆ, ಕೆಲಸದ ಕೋಣೆ ಎರಡೂ ಒಂದೇ ಆಗಿದ್ದುವು. ಆ ಕೋಣೆಗೆ ಹೋಗಬೇಕಾದರೆ ತಂಗಿಯರ ಕೋಣೆಯನ್ನು ಹಾದು ಹೋಗಬೇಕಾಗಿತ್ತಂತೆ. ಕೊನೆಯ ತಂಗಿ ಮರಿಯ ತೆರೇಸಾ ಅಣ್ಣನ ಕೃತಿಗಳನ್ನೂ ವಸ್ತುಗಳನ್ನೂ ಊರಿಗೆ ದಾನ ಮಾಡಿ 1994ರಲ್ಲಿ ತೀರಿಕೊಂಡಳು. ಮನೆ 2009ರಲ್ಲಿ ಸಾರ್ವಜನಿಕರಿಗೆ ತೆರೆಯಿತು.

ಕೋಣೆಯನ್ನು ದೂರದಿಂದಲೇ ನೋಡಬೇಕು; ಮುಟ್ಟುವಂತಿಲ್ಲ. ಒಬ್ಬರಿಗಾಗುವಷ್ಟೇ ಅಗಲದ ಮಂಚ. ಚಿತ್ರ ಬರೆಯುವ ನಿಲುವುಪೀಠ. ಅಂಗಳಕ್ಕೆ ತೆರೆಯುವ ಕಿಟಕಿ. ಮತ್ತೆಲ್ಲೆಲ್ಲೂ ವಸ್ತುಗಳು: ಉದ್ದ ಕತ್ತಿನ ಸೀಸೆ, ಎಣ್ಣೆಯ ದೀಪ, ಬಾಯಿ ಒಡೆದ ಹೂಜಿ, ತಗಡಿನ ಲಾಳಿಕೆ, ಶಂಖ, ಓವಲ್ಟಿನ್ ಡಬ್ಬಿ. ಈ ಮನುಷ್ಯ ಸೀಸೆಗಳ ಚೀಟಿಗಳನ್ನು ಕಿತ್ತುಹಾಕುತ್ತಿದ್ದ. ಗಾಜಿನ ಹೊಳಪು ಕಣ್ಣಿಗೆ ಹೊಡೆಯಬಾರದೆಂದು ಒಳಗೆ ಬಣ್ಣ ಸುರಿದು ಒಣಗಿಸುತ್ತಿದ್ದ, ಕೆಲವಕ್ಕೆ ಹೊರಗೂ ಬಳಿಯುತ್ತಿದ್ದ. ಕೂತ ಧೂಳನ್ನು ಒರೆಸುತ್ತಿರಲಿಲ್ಲ. ಅವನಿಗೆ ಬೇಕಾಗಿದ್ದುದು ಎಣ್ಣೆಯ ಸೀಸೆಯೂ ಅಲ್ಲ, ಔಷಧಿಯ ಸೀಸೆಯೂ ಅಲ್ಲ. ಹೆಸರು ಕಳಚಿದ ಮೇಲೆ ಬೆಳಕಿನೆದುರು ಉಳಿಯುವ ಆಕಾರ. ಮೇಜಿಗೆ ಹಾಸಿದ ಕಾಗದದ ಮೇಲೆ ಪ್ರತಿಯೊಂದು ವಸ್ತುವಿನ ತಳವನ್ನು ಸೀಸದಕಡ್ಡಿಯಿಂದ ಗುರುತಿಸಿಡುತ್ತಿದ್ದ. ನಾಳೆ ಅದು ಒಂದು ಬೆರಳೂ ಆಚೀಚೆಯಾಗಬಾರದು. ವರ್ಷ ವರ್ಷಗಳ ಗೆರೆಗಳು ಒಂದರ ಮೇಲೊಂದು ಹೆಣೆದುಕೊಂಡಿದ್ದುವು.

ಸೀಸೆ ಸರಿಸುತ್ತ ಕೂತಿದ್ದನೆ ಎಂಬ ನನ್ನ ಪ್ರಶ್ನೆಗೆ ಉತ್ತರ ದೊರೆಯಿತು. ಹೌದು, ಸರಿಸುತ್ತ ಕೂತಿದ್ದ. ಯಾವುದರ ಪಕ್ಕದಲ್ಲಿ ಯಾವುದು, ಎಷ್ಟು ದೂರದಲ್ಲಿ ಇದ್ದರೆ ಒಂದು ಮತ್ತೊಂದನ್ನು ನೂಕದೆ ನಿಲ್ಲಬಲ್ಲದು ಎಂಬುದನ್ನು ಅಳೆಯುತ್ತಿದ್ದ. ಒಂದನ್ನೊಂದು ನೂಕುವುದೇ ವೃತ್ತಿಯಾಗಿದ್ದ ಕಾಲದಲ್ಲಿ ಅದು ಅಂಥ ಕ್ಷುಲ್ಲಕ ವಿಚಾರವೆಂದು ನನಗೆ ಈಗ ತೋರುವುದಿಲ್ಲ.

*

ಆ ರಾತ್ರಿ ಊಟವಾದ ಮೇಲೆ ತಂಗಿ ಗ್ರಂಥಾಲಯದಿಂದ ತಂದಿರಿಸಿದ್ದ ಛಾಯಾಚಿತ್ರ ಪುಸ್ತಕಗಳನ್ನು ಮೇಜಿನ ಮೇಲಿಟ್ಟಳು.

ಛಾಯಾಗ್ರಹಣಕ್ಕೂ ವಸ್ತುಚಿತ್ರಕ್ಕೂ ನಂಟು ತೊಟ್ಟಿಲಿನದು. ಆ ಕಾಲದ ರಾಸಾಯನಿಕಗಳ ಮೇಲೆ ಬೆಳಕು ಬಹು ಹೊತ್ತು ಬೀಳಬೇಕಾಗಿತ್ತು. ಅಷ್ಟು ಹೊತ್ತು ಅಲುಗದೆ ಇರಬಲ್ಲದ್ದು ವಸ್ತು ಮಾತ್ರ. ಫ್ರಾನ್ಸಿನ ಡಗೇರ್ 1837ರಲ್ಲಿ ಗಾರೆಯ ಬೊಂಬೆಗಳನ್ನು ಜೋಡಿಸಿಟ್ಟು ಬಿಂಬ ಹಿಡಿದ. ಇಂಗ್ಲೆಂಡಿನ ಲೇಕಾಕ್ ಎಂಬಲ್ಲಿದ್ದ ಫಾಕ್ಸ್ ಟಾಲ್ಬಟ್ ಮಹಾಶಯ 1844ರಿಂದ 1846ರವರೆಗೆ ‘ದಿ ಪೆನ್ಸಿಲ್ ಆಫ್ ನೇಚರ್’ ಎಂಬ ಗ್ರಂಥವನ್ನು, ನಮ್ಮ ಧಾರಾವಾಹಿಗಳ ಹಾಗೆ, ಕಂತು ಕಂತಾಗಿ ಹೊರಡಿಸಿದ. ಅದರಲ್ಲೊಂದು ಚಿತ್ರ ಅಲಮಾರಿನ ಪಿಂಗಾಣಿ ಪಾತ್ರೆಗಳದು. ಅದರ ಉಪಯೋಗವೇನೆಂದು ಅವನು ಕೊಟ್ಟ ವಿವರಣೆಯ ಸಾರ ಇಷ್ಟು: ಒಡೆಯ ತನ್ನ ಪಾತ್ರೆಗಳ ಪಟ್ಟಿಯನ್ನು ಕೈಯಿಂದ ಬರೆಯುವಷ್ಟು ಹೊತ್ತಿನಲ್ಲೇ ಹೀಗೆ ಚಿತ್ರ ತೆಗೆದಿಡಬಹುದು, ಕಳ್ಳ ಕದ್ದೊಯ್ದರೆ ನ್ಯಾಯಾಲಯದಲ್ಲಿ ಈ ಚಿತ್ರವೇ ಮೂಕಸಾಕ್ಷಿಯಾದೀತು.

ಇದನ್ನು ಓದಿ ತಂಗಿ ನನ್ನ ಮುಖ ನೋಡಿದಳು. ನಾನು ಪುಟ ತಿರುವಿದೆ.

ಮುಂದಿನ ಪುಸ್ತಕ ಅಮೆರಿಕದ ಜೋಯೆಲ್ ಮೆಯರೋವಿಟ್ಸ್ ಅವರದು. 1938ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಬೀದಿಯ ಗದ್ದಲವನ್ನು ಹಿಡಿಯುತ್ತ ಹೆಸರಾದ ಛಾಯಾಗ್ರಾಹಕ. 2001ರಲ್ಲಿ ಆ ನಗರದ ಅವಳಿ ಕಟ್ಟಡಗಳು ಉರುಳಿದಾಗ ಆ ಬೂದಿಯ ನಡುವೆ ತಿಂಗಳುಗಟ್ಟಲೆ ನಿಂತು ಸಾವಿರಾರು ಚಿತ್ರಗಳನ್ನು ತೆಗೆದವರು. ಅಂಥವರು ಇಳಿವಯಸ್ಸಿನಲ್ಲಿ, 2015ರ ವಸಂತದಲ್ಲಿ, ಬೊಲೋನ್ಯಕ್ಕೆ ಬಂದು ನಾವು ಬೆಳಿಗ್ಗೆ ನೋಡಿದ ಕೋಣೆಯಲ್ಲಿ ಮೊರಾಂಡಿಯ ಮೇಜಿನ ಮುಂದೆ ಕೂತರು. ಅವರು ತಮಗೆ ಹಾಕಿಕೊಂಡ ನಿಯಮ ಸರಳವಾದದ್ದು. ಅದೇ ಮೇಜು, ಅದೇ ಕಿಟಕಿಯ ಬೆಳಕು, ಹಿಂದೆ ಮೊರಾಂಡಿ ಬಿಟ್ಟುಹೋದ ಹಳದಿಗಟ್ಟಿದ ಕಾಗದ. ಒಂದು ಸಲಕ್ಕೆ ಒಂದೇ ವಸ್ತು. ಹೀಗೆ 260ಕ್ಕೂ ಮಿಕ್ಕಿ ವಸ್ತುಗಳನ್ನು ಎತ್ತಿ, ಇಟ್ಟು, ನೋಡಿದರು. ಮೊರಾಂಡಿ ಕಳಚಿದ್ದ ಹೆಸರುಗಳನ್ನು ಈ ಕ್ಯಾಮೆರಾ ಮತ್ತೆ ಹುಡುಕಿ ಕೊಡುತ್ತದೆ. ಇಲ್ಲಿ ತುಕ್ಕಿನ ಚುಕ್ಕೆ, ಅಲ್ಲಿ ಒಳಗೆ ಹೆಪ್ಪುಗಟ್ಟಿದ ಬಣ್ಣ, ಭುಜದ ಮೇಲೆ ಕೂತ ಧೂಳು. ಚಿತ್ರಕಾರನ ಕುಂಚ ಬೇಡವಾದುದನ್ನು ಬಿಡಬಲ್ಲದು. ಕ್ಯಾಮೆರಾ ಎದುರಿಗಿದ್ದುದನ್ನು ಬಿಡಲಾರದು. ಪುಟ ಪುಟದಲ್ಲಿಯೂ ಒಂದೊಂದು ವಸ್ತು ತನ್ನ ಸರದಿ ಬಂದಾಗ ಮುಂದೆ ಬಂದು ನಿಂತ ಮನೆಯ ಆಳಿನಂತೆ ಕಾಣುತ್ತದೆ.

ಮತ್ತೊಂದು ಪುಸ್ತಕ ಲುಯಿಜಿ ಗಿರ್ರಿ ಎಂಬಾತನದು. ಇವನು ಇದೇ ಪ್ರಾಂತ್ಯದವನು, 1943ರಲ್ಲಿ ಹುಟ್ಟಿದವನು, ಮೊದಲು ಭೂಮಾಪಕನ ತರಬೇತಿ ಪಡೆದವನು. 1989-90ರಲ್ಲಿ ಈ ಮನೆಯನ್ನೂ, ಮೊರಾಂಡಿ ಬೇಸಿಗೆ ಕಳೆಯುತ್ತಿದ್ದ ಗ್ರಿತ್ಸಾನ ಎಂಬ ಬೆಟ್ಟದ ಹಳ್ಳಿಯ ಮನೆಯನ್ನೂ ಚಿತ್ರಿಸಿದ. ಅವನ ಚಿತ್ರಗಳಲ್ಲಿ ಸೀಸೆಯಷ್ಟೇ ಗೋಡೆಯೂ, ಗೋಡೆಯಷ್ಟೇ ಬೆಳಕೂ ಮುಖ್ಯ. ಅವನು 1992ರಲ್ಲಿ ನಲವತ್ತೊಂಬತ್ತನೆಯ ವಯಸ್ಸಿಗೆ ತೀರಿಕೊಂಡ. ಈ ಚಿತ್ರಗಳ ಪುಸ್ತಕ ಹೊರಬಂದದ್ದೂ ಅದೇ ವರ್ಷ. ಬಳಿಕ 2009ರಲ್ಲಿ ಇಂಗ್ಲೆಂಡಿನ ಟಸೀಟಾ ಡೀನ್ ಎಂಬಾಕೆ ಇಲ್ಲಿ ಎರಡು ಕಿರುಚಲನಚಿತ್ರಗಳನ್ನು ತೆಗೆದಳು. ಒಂದರಲ್ಲಿ ವಸ್ತುಗಳಿವೆ. ಇನ್ನೊಂದಕ್ಕೆ ‘ಸ್ಟಿಲ್ ಲೈಫ್’ ಎಂದೇ ಹೆಸರು. ಅದರಲ್ಲಿ ವಸ್ತುಗಳೇ ಇಲ್ಲ! ಮೇಜಿನ ಕಾಗದದ ಮೇಲಿನ ಸೀಸದಕಡ್ಡಿಯ ಗುರುತುಗಳು ಮಾತ್ರ. ವಸ್ತು ಎದ್ದುಹೋದ ಮೇಲೂ ಉಳಿದ ಅದರ ಜಾಗ.

ಒಂದೇ ಕೋಣೆ, ಒಂದೇ ಸಾಮಾನು, ಮೂವರು. ಮೂರು ಬೇರೆ ಬೇರೆ ವಿಚಾರಗಳು. ವಸ್ತುಚಿತ್ರದ ಛಾಯಾಗ್ರಹಣವೆಂದರೆ ಹಣ್ಣಿನ ಬುಟ್ಟಿಯ ಅಂದ ತೋರಿಸುವ ಕಸುಬೆಂದು ತಿಳಿದಿದ್ದ ನನಗೆ ತಂಗಿ ಇನ್ನೂ ಕೆಲವನ್ನು ಹೇಳಿದಳು. ಸ್ಯಾಮ್ ಟೇಲರ್-ವುಡ್ ಎಂದು ಆಗ ಹೆಸರಾಗಿದ್ದ ಕಲಾವಿದೆ 2001ರಲ್ಲಿ ಹಣ್ಣಿನ ತಟ್ಟೆಯೊಂದು ಕೊಳೆತು ಕಪ್ಪಾಗುವ ದಿನಗಳನ್ನು ನಾಲ್ಕು ನಿಮಿಷದೊಳಗೆ ಅಡಗಿಸಿ ತೋರಿಸಿದಳು. ಹಣ್ಣಿನ ಪಕ್ಕದಲ್ಲಿಟ್ಟ ಪ್ಲಾಸ್ಟಿಕ್ ಬಾಲ್‌ಪೆನ್ನು ಮಾತ್ರ ಕೊನೆಯವರೆಗೂ ಹಾಗೆಯೇ ಇರುತ್ತದೆ. ಕೊಳೆಯುವ ಭಾಗ್ಯವಿಲ್ಲದ ವಸ್ತುಗಳನ್ನು ನಾವು ಲೋಕಕ್ಕೆ ತಂದಿದ್ದೇವೆಂದು ಇದಕ್ಕಿಂತ ಮೃದುವಾಗಿ ಹೇಳುವುದು ಕಷ್ಟ. ಲಾರಾ ಲೆಟಿನ್ಸ್ಕಿ ಎಂಬ ಛಾಯಾಗ್ರಾಹಕಿ ಊಟಕ್ಕೆ ಬಡಿಸಿದ ಮೇಜನ್ನು ಬಿಟ್ಟು ಊಟ ಮುಗಿದ ಮೇಜನ್ನು ತೆಗೆಯುತ್ತಾಳೆ: ಸಿಪ್ಪೆ, ಕಲೆ, ಬರಿದಾದ ಲೋಟ. ಎಂಜಲೆಲೆಯನ್ನು ನೋಡಿ ಪಂಕ್ತಿಯಲ್ಲಿ ಯಾರು ಉಂಡರು, ಯಾರು ಉಣ್ಣದೆ ಎದ್ದರು ಎಂದು ಹೇಳಬಲ್ಲ ನಮ್ಮ ಅಜ್ಜಿಯಂದಿರಿಗೆ ಈ ವಿದ್ಯೆ ಹೊಸದಾಗಿರಲಾರದು.

*

ಪುಸ್ತಕಗಳನ್ನು ಮುಚ್ಚಿದ ಮೇಲೆ ನಾನು ಮೆಲ್ಲನೆ ಪ್ರಸ್ತಾಪ ಎತ್ತಿದೆ. “ಮೆಯರೋವಿಟ್ಸ್ ಮಾಡಿದ್ದನ್ನೇ ನಾನೂ ಮಾಡಿದೆ ನೋಡು. ಒಂದೇ ಜಾಗ, ಒಂದೇ ಬೆಳಕು, ಒಂದೊಂದೇ ಪಾತ್ರೆ.”

“ಹೌದು. ನೀನು ಚೀಟಿ ಇಟ್ಟೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: “ಅಣ್ಣ, ಆ ಎಂಬತ್ತನಾಲ್ಕರಲ್ಲಿ ಅಮ್ಮನ ಪಾವು ಇರಲಿಲ್ಲವಲ್ಲ, ಎಲ್ಲಿದೆ?”

ಪಾವೆಂದರೆ ಅಕ್ಕಿ ಅಳೆಯುವ ಹಿತ್ತಾಳೆಯ ಪಾವು, ಸೇರಿನ ಕಾಲುಭಾಗ. ಅಕ್ಕಿಯ ಡಬ್ಬದ ಪಕ್ಕದಲ್ಲಿರುತ್ತಿತ್ತು. ಅದರ ಒಂದು ಪಕ್ಕ ನೆಗ್ಗಿತ್ತು. ನೆಗ್ಗಿದ್ದರಿಂದ ಅಳತೆ ಕಡಿಮೆಯಾಗುತ್ತದೆಂದು ಅಮ್ಮ ಪ್ರತಿ ಪಾವಿಗೂ ಮೇಲೊಂದು ಸಣ್ಣ ಹಿಡಿ ಅಕ್ಕಿ ಸೇರಿಸುತ್ತಿದ್ದರು. ಹೊಸ ಪಾವು ತರೋಣವೆಂದರೆ “ನನ್ನ ಕೈಗೆ ಇದರ ಲೆಕ್ಕ ಗೊತ್ತು” ಎನ್ನುತ್ತಿದ್ದರು.

ಗೋಣಿಚೀಲ ಕಣ್ಣ ಮುಂದೆ ಬಂದಿತು. ಸುಳ್ಳು ಹೇಳುವ ಮನಸ್ಸಾಯಿತೆಂಬುದನ್ನು ಮುಚ್ಚಿಡಲಾರೆ. ಆದರೆ ಹೇಳಲಿಲ್ಲ. “ತೂಕಕ್ಕೆ ಹಾಕಿಬಿಟ್ಟೆ” ಎಂದೆ.

ಅವಳು ಬೈದಿದ್ದರೆ ಒಳ್ಳೆಯದಾಗುತ್ತಿತ್ತು. “ಅದನ್ನು ನೆಗ್ಗಿಸಿದ್ದು ನಾನು. ಚಿಕ್ಕವಳಿದ್ದಾಗ ಬಾವಿಕಟ್ಟೆಯ ಮೇಲಿಂದ ಬೀಳಿಸಿದ್ದೆನಂತೆ. ನಾ ತಪ್ಪು ಮಾಡಿದೆ, ಅಮ್ಮ ದಿನಾ ಒಂದು ಹಿಡಿ ಹಾಕಿ ತುಂಬಿಸಿಕೊಂಡಳು ಅಂತ ಯಾವಾಗಲೂ ಅನ್ನಿಸೋದು. ನಿನ್ನ ಚಿತ್ರಗಳನ್ನೆಲ್ಲ ಎಷ್ಟು ಸಲ ನೋಡಿದೆ, ಅದಿರಲಿಲ್ಲ. ಬೇಕೆಂದು ಕೇಳಿದರೆ ನೆಗ್ಗಿದ ಪಾವಿಗೆ ಈ ರಂಪವೇ ಅನ್ನುತ್ತೀರಿ. ಅದಕ್ಕೇ ಸುಮ್ಮನಿದ್ದೆ” ಎಂದಳು.

ಆ ರಾತ್ರಿ ನನಗೆ ಬೇಗ ನಿದ್ದೆ ಬರಲಿಲ್ಲ. ನನ್ನ ಚಿತ್ರಗಳಿಗೂ ಆ ಪುಸ್ತಕದ ಚಿತ್ರಗಳಿಗೂ ವಿಧಾನದಲ್ಲಿ ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಪ್ರಶ್ನೆಯಲ್ಲಿ. ‘ಇದರ ಬೆಲೆ ಎಷ್ಟು, ಇದು ಯಾರ ಪಾಲಿಗೆ?’ ಎಂದು ನಾನು ಪ್ರತಿಯೊಂದು ಪಾತ್ರೆಯನ್ನೂ ಕೇಳಿದೆ. ಅವೂ ಅಷ್ಟಕ್ಕೇ ಉತ್ತರ ಕೊಟ್ಟುವು. ‘ಇದನ್ನು ಹಿಡಿದ ಕೈ ಹೇಗಿತ್ತು, ಇದು ಏನನ್ನು ಕಂಡಿತು?’ ಎಂದು ಕೇಳಿದ್ದರೆ ಮೊದಲು ಎತ್ತಿಕೊಳ್ಳಬೇಕಾದದ್ದು ನೆಗ್ಗಿದ ಪಾವನ್ನೇ. ಟಾಲ್ಬಟ್ ಹೇಳಿದ ಮೂಕಸಾಕ್ಷಿ ನಿಜ. ಆದರೆ ಸಾಕ್ಷಿ ಏನು ನುಡಿಯಬೇಕೆಂಬುದು ವಿಚಾರಿಸುವವನನ್ನು ಅವಲಂಬಿಸಿದೆ.

*

ಊರಿಗೆ ಮರಳಿದ ಮೇಲೆ ಮೊದಲು ಪಾತ್ರೆಯಂಗಡಿಗೆ ಹೋದೆ. ಅಂಗಡಿಯವರು ಸಜ್ಜನರು, “ಅದೆಲ್ಲ ಆವಾಗಲೇ ಕರಗಿಸೋಕೆ ಹೋಯಿತು, ಮೇಷ್ಟ್ರೇ” ಎಂದು ಕನಿಕರದಿಂದ ಹೇಳಿದರು. ಮನೆಯ ಕೀಲಿಕೈಯನ್ನು ಕೊಂಡವರಿಗೆ ಒಪ್ಪಿಸಲು ಎರಡು ದಿನ ಉಳಿದಿತ್ತು. ಕೊನೆಯ ಸಲ ಬಾಗಿಲು ತೆಗೆದು ಒಳಗೆ ಹೋದೆ.

ಅಡಿಗೆಮನೆ ಬರಿದಾಗಿತ್ತು. ಗೋಡೆಗೆ ಹೊಂದಿಸಿದ ಹಲಸಿನ ಹಲಗೆಯ ಅಟ್ಟಣೆ ಮಾತ್ರ ಉಳಿದಿತ್ತು. ಹೆಂಚಿನ ನಡುವಿನ ಬೆಳಕಿಂಡಿಯಿಂದ ಬೆಳಗಿನ ಬಿಸಿಲು ಅದರ ಮೇಲೆ ಓರೆಯಾಗಿ ಬಿದ್ದಿತ್ತು. ಅದುವರೆಗೆ ನೂರು ಸಲ ನೋಡಿದ್ದ ಹಲಗೆ. ಅಂದು ನೋಡಿದೆ: ಹೊಗೆ, ಎಣ್ಣೆಜಿಡ್ಡು ಕೂಡಿ ಕಪ್ಪಾದ ಮರದ ಮೇಲೆ ತಿಳಿಬಣ್ಣದ ವೃತ್ತಗಳು. ಉಪ್ಪಿನಕಾಯಿಯ ಜಾಡಿಯದು ದೊಡ್ಡದು. ಅದರ ಅಂಚಿನಲ್ಲಿ ಉಪ್ಪು ಮರವನ್ನು ಕಚ್ಚಿದೆ. ಎಣ್ಣೆಯ ಗಿಂಡಿಯದು ಜಿಡ್ಡಿನ ಉಂಗುರ. ಅಕ್ಕಿಡಬ್ಬದ ಚೌಕದ ಪಕ್ಕದಲ್ಲಿ, ಮೂಲೆಯಲ್ಲಿ, ಒಂದು ಸಣ್ಣ ವೃತ್ತ. ಎಷ್ಟು ಸಲ ಎತ್ತಿ ಎಷ್ಟು ಸಲ ಇಟ್ಟಿದ್ದರೋ, ಅಲ್ಲಿ ಮರ ತುಸು ತಗ್ಗಾಗಿತ್ತು.

ಮೊರಾಂಡಿ ಸೀಸದಕಡ್ಡಿಯಿಂದ ಬರೆದುಕೊಂಡ. ನಮ್ಮ ತಾಯಿಗೆ ಸೀಸದಕಡ್ಡಿ ಬೇಕಾಗಿರಲಿಲ್ಲ.

ಪಂಚೆ ಹಾಸಲಿಲ್ಲ, ಚೀಟಿ ಇಡಲಿಲ್ಲ. ಬಿಸಿಲು ಜರುಗಿ ಆ ಮೂಲೆಗೆ ಬರುವವರೆಗೆ ಮುಕ್ಕಾಲು ಗಂಟೆ ನೆಲದ ಮೇಲೆ ಕೂತಿದ್ದು ಒಂದೇ ಒಂದು ಚಿತ್ರ ತೆಗೆದೆ. ಸಂಜೆ ಅದನ್ನು ಮೊಬೈಲಿನಲ್ಲಿ ನಮ್ಮ ಮನೆಯವರ ಗುಂಪಿಗೆ ಕಳುಹಿಸಿದೆ. ನಾಲ್ಕಾರು ತಿಂಗಳಿಂದ ಅಲ್ಲಿ ಯಾರೂ ಒಂದಕ್ಷರ ಬರೆದಿರಲಿಲ್ಲ.

ಮೊದಲು ಬರೆದವನು ಅಣ್ಣ. “ದೊಡ್ಡದು ಉಪ್ಪಿನಕಾಯಿ ಜಾಡಿ. ಮೂಲೆಯಲ್ಲಿರುವ ಸಣ್ಣದು ಯಾವುದೋ?”

ತಂಗಿ ಬರೆದಳು: “ಪಾವು. ನಾನು ನೆಗ್ಗಿಸಿದ್ದು.”

ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಅಣ್ಣನ ಉತ್ತರ ಬಂತು: “ನೀನಲ್ಲ ಕಣೇ, ನಾನು. ನೀನಿನ್ನೂ ಹುಟ್ಟಿರಲಿಲ್ಲ. ಕಲ್ಲಿನ ಮೇಲೆ ಬುಗುರಿ ಹೊಡೆಯುವುದಕ್ಕೆ ಅದನ್ನು ಸುತ್ತಿಗೆ ಮಾಡಿಕೊಂಡಿದ್ದೆ. ಅಮ್ಮ ಎರಡು ಬಿಟ್ಟಿದ್ದಳು. ಬಾವಿಕಟ್ಟೆಯಿಂದ ನೀನು ಬೀಳಿಸಿದ್ದು ತಂಬಿಗೆ.”

ಅದಕ್ಕೆ ತಂಗಿ ಏನೋ ಬರೆದಳು, ಅವನು ಏನೋ ಬರೆದ. ಎಂಬತ್ತನಾಲ್ಕು ಚಿತ್ರಗಳು ನಿಲ್ಲಿಸಿದ್ದ ಮಾತನ್ನು ಒಂದು ಖಾಲಿ ಹಲಗೆ ಮತ್ತೆ ಆರಂಭಿಸಿತು. ಅವರ ಸಂಭಾಷಣೆ ರಾತ್ರಿ ಹನ್ನೊಂದರವರೆಗೂ ನಡೆದಿತ್ತು. ನಾನು ನಡುವೆ ಬಾಯಿ ಹಾಕಲಿಲ್ಲ.

ಮಾರಿದ ಪಾವು ಮರಳಿ ಬರುವುದಿಲ್ಲ. ಮನೆಯೂ ಈಗ ಪರರದು; ಹಲಗೆಯನ್ನು ಅವರು ಉಳಿಸಿಕೊಂಡಿದ್ದಾರೋ ಕಿತ್ತರೋ ತಿಳಿಯೆ. ನನ್ನ ಅರ್ಥಶಾಸ್ತ್ರದ ಮಿತ್ರರು ಹೇಳಿದುದು ಸರಿ, ಅಟ್ಟ ಹತ್ತಿದ್ದರೆ ಸಾಕಾಗುತ್ತಿತ್ತು. ಆದರೆ ಹತ್ತಿ ಏನು ಕೇಳಬೇಕೆಂಬುದನ್ನು ತಿಳಿಯಲು ನನಗೆ ಇಟಲಿಯವರೆಗೆ ಹೋಗಬೇಕಾಯಿತು. ಓದುಗರಲ್ಲಿ ಯಾರಾದರೂ ಇಂಥ ಪಟ್ಟಿ ಮಾಡುವ ಕೆಲಸವನ್ನು ಹೊತ್ತುಕೊಂಡಿದ್ದರೆ ಅವರಲ್ಲಿ ನನ್ನದೊಂದು ವಿನಂತಿ: ಗೋಣಿಚೀಲದ ಬಾಯಿ ಕಟ್ಟುವ ಮುನ್ನ ಒಳಗಿರುವುದನ್ನು ಇನ್ನೊಮ್ಮೆ ಬಿಸಿಲಿಗೆ ಹಿಡಿದು ನೋಡಿ.